ಹಳೆಯ ಮೊಬೈಲಿಗೆ ಹೊಸ ಕಾಯಕ

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಾಗಲಿ, ಧಾರವಾಡ ಜಿಲ್ಲೆಯ ಮತ್ತಾವುದೇ ಹಳ್ಳಿಯಾಗಲಿ, ಕಪಾಟಿನ ಮೂಲೆಯಲ್ಲಿ ಹಳೆಯ ಮೊಬೈಲೊಂದು ಬಿದ್ದಿರದ ಮನೆ ಈಗ ಅಪರೂಪ. ಗಾಜು ಸೀಳಿರುತ್ತದೆ, ಹೊಸ ಆ್ಯಪ್‌ಗಳು ಓಡುವುದಿಲ್ಲ. ಆದರೆ ಹಾಡು ನುಡಿಸುವ ಶಕ್ತಿ ಎಷ್ಟೋ ಸಲ ಹಾಗೆಯೇ ಉಳಿದಿರುತ್ತದೆ. ಅದನ್ನು ಬಡಗಿಯ, ದರ್ಜಿಯ ಅಥವಾ ಸೈಕಲ್ ರಿಪೇರಿಯವನ ಕೆಲಸದ ಜಾಗಕ್ಕೆ ಒಯ್ದರೆ ಹೆಚ್ಚು ಖರ್ಚಿಲ್ಲದೆ ಸಂಗೀತದ ಪೆಟ್ಟಿಗೆ ಸಿದ್ಧ.

ಕೈಗೆ ಕೆಲಸ, ಕಿವಿಗೆ ಹಾಡು ಎಂಬುದು ಈ ಸೀಮೆಗೆ ಹೊಸದೇನಲ್ಲ. ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಮರಕ್ಕೆ ರೂಪ ಕೊಟ್ಟು, ಬಣ್ಣ ಹಚ್ಚಿ, ಪುರಾಣದ ಚಿತ್ರ ಬರೆಯುವ ಕೆಲಸ ತಾಳ್ಮೆ ಬೇಡುತ್ತದೆ. ಇಂಥ ಕೆಲಸಕ್ಕೆ ಹಾಡು ಒಳ್ಳೆಯ ಜೊತೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಈ ಜೊತೆಯನ್ನು ಹಳ್ಳಿಹಳ್ಳಿಗೂ ಒದಗಿಸಿತು.

ಅದಕ್ಕೂ ಮೊದಲು ಗ್ರಾಮಫೋನ್ ಇತ್ತು. ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ನುಡಿಯುತ್ತಿದ್ದ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ದನಿ ಕೇಳಿ ಮರುಳಾದ ಸಂಗತಿ ಪ್ರಸಿದ್ಧ. 1933ರಲ್ಲಿ, 11ರ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆ ಬಿಟ್ಟ ಅವರು ಮುಂದೆ ಶಿಷ್ಯರಾಗಿ ನೆಲೆ ನಿಂತದ್ದು ಇದೇ ಜಿಲ್ಲೆಯ ಕುಂದಗೋಳದಲ್ಲಿ, ಖಾನರ ಶಿಷ್ಯ ಸವಾಯಿ ಗಂಧರ್ವರ ಬಳಿ. ಅಂಗಡಿಯ ಹಾಡು ಯಾರ ಬದುಕನ್ನು ಎತ್ತ ತಿರುಗಿಸೀತೆಂದು ಬಲ್ಲವರಾರು?

ಇನ್ನೊಂದು ಕಾರಣವೂ ಉಂಟು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇಕಡಾ 22.3 ಮಾತ್ರ. ಮೊಬೈಲನ್ನು ಇನ್ನೂ ನಾಲ್ಕು ವರ್ಷ ದುಡಿಸಿದರೆ ಅಷ್ಟು ಕಾಲ ಅದು ಕಸವಾಗುವುದು ತಪ್ಪುತ್ತದೆ.

ಈ ಕೆಲಸ ಹೈಸ್ಕೂಲು ವಿದ್ಯಾರ್ಥಿಗಳ ಕೈಗೆ ಎಟುಕುವಂಥದು. ಮೊದಲು ಫೋಟೊಗಳನ್ನು ಬೇರೆಡೆ ಉಳಿಸಿಕೊಳ್ಳಿ. ಬಳಿಕ ಬ್ಯಾಂಕಿನ ಹಾಗೂ ಹಣ ಪಾವತಿಯ ಆ್ಯಪ್‌ಗಳಿಂದ ಹೊರಬಂದು, ಸಿಮ್ ತೆಗೆದು, ಒಳಗಿರುವುದನ್ನೆಲ್ಲ ಅಳಿಸಿಬಿಡಿ. ಮೆಮೊರಿ ಕಾರ್ಡಿಗೆ ಹಾಡು ತುಂಬಿ, ಏರೋಪ್ಲೇನ್ ಮೋಡ್‌ನಲ್ಲಿಡಿ. ಕರೆಯಿಲ್ಲ, ಸಂದೇಶವಿಲ್ಲ, ಆಟವಿಲ್ಲ; ಗಮನ ಕೆಡಿಸುವ ಯಂತ್ರ ಈಗ ಹಾಡುವ ಯಂತ್ರ ಮಾತ್ರ. ಇಲ್ಲೊಂದು ಲೆಕ್ಕವಿದೆ: 128 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಹಾಡಿಗೆ ನಿಮಿಷಕ್ಕೆ ಸುಮಾರು 1 ಎಂಬಿ ಸಾಕು. ಹಾಗಾದರೆ 16 ಜಿಬಿ ಕಾರ್ಡಿನಲ್ಲಿ ದಿನಕ್ಕೆ 8 ಗಂಟೆಯಂತೆ ಎಷ್ಟು ದಿನಕ್ಕಾಗುವಷ್ಟು ಹಾಡು ಹಿಡಿಸುತ್ತದೆ? ಸುಮಾರು ಒಂದು ತಿಂಗಳಿಗಾಗುವಷ್ಟು!

ಮರದ ಪುಡಿ ಮೊಬೈಲಿನ ವೈರಿ. ಚಾರ್ಜಿಂಗ್ ತೂತಿನಲ್ಲಿ, ಸ್ಪೀಕರಿನ ಜಾಲರಿಯಲ್ಲಿ ಅದು ಕೂತುಬಿಡುತ್ತದೆ. ಮೊಬೈಲನ್ನು ಪುಡಿ ಹಾರದ ಮೂಲೆಯಲ್ಲಿ, ಎತ್ತರದ ಹಲಗೆಯ ಮೇಲಿಟ್ಟು, ಹಳೆಯ ಸ್ಪೀಕರಿಗೆ ವೈರಿನಿಂದ ಜೋಡಿಸುವುದು ಲೇಸು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಲಿಥಿಯಂ ಬ್ಯಾಟರಿಗೆ ಬಿಸಿ ಆಗದು. ಹಗಲೂ ರಾತ್ರಿ ಚಾರ್ಜಿಗೆ ಹಾಕಿಟ್ಟರೆ ಬೇಗ ಸೊರಗುತ್ತದೆ. ತಗಡಿನ ಸೂರಿನಡಿ, ಬಿಸಿಲಲ್ಲಿ ಇಡಬಾರದು. ಬೆನ್ನು ಉಬ್ಬಿದ್ದರೆ ಆ ಮೊಬೈಲನ್ನು ಬಳಸಲೇಬಾರದು. ಉಬ್ಬಿದ ಬ್ಯಾಟರಿಯನ್ನು ಒತ್ತಿದರೆ, ಚುಚ್ಚಿದರೆ ಬೆಂಕಿ ಹೊತ್ತೀತು. ಮರದ ಪುಡಿಯ ನಡುವೆ ಅದರ ಗತಿ ಹೇಳಬೇಕಿಲ್ಲ.

ಕೊನೆಯದಾಗಿ ಕಿವಿ ಮತ್ತು ಬೆರಳು. ಯಂತ್ರದ ಗರಗಸದ ಸದ್ದು 100 ಡೆಸಿಬೆಲ್‌ವರೆಗೂ ಏರಬಲ್ಲದು. 8 ಗಂಟೆ ದುಡಿಯುವವರಿಗೆ 85 ಡೆಸಿಬೆಲ್ ಮಿತಿಯೆಂದು ತಜ್ಞರು ಹೇಳುತ್ತಾರೆ. ಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಆ ಸದ್ದನ್ನು ಮೀರಿಸಲು ಹಾಡಿನ ದನಿ ಏರಿಸಿದರೆ ಕಿವಿಗೆ ಇಮ್ಮಡಿ ಪೆಟ್ಟು. ಇಯರ್‌ಫೋನ್ ಹಾಕಿಕೊಂಡರೆ ಯಂತ್ರ ಕೊಡುವ ಎಚ್ಚರಿಕೆಯ ಸದ್ದು, ಪಕ್ಕದವರ ಕೂಗು ಕೇಳಿಸದೆ ಬೆರಳಿಗೇ ಅಪಾಯ. ಯಂತ್ರ ಓಡುವಾಗ ಹಾಡು ನಿಲ್ಲಲಿ. ಉಳಿ ಹಿಡಿದಾಗ, ಬಣ್ಣ ಹಚ್ಚುವಾಗ ಮತ್ತೆ ಮೊಳಗಲಿ.

ಯಾವ ಹಾಡು ಬೇಕೆಂದು ಅಪ್ಪ ಹೇಳಲಿ, ತುಂಬುವ ಕೆಲಸ ಮಗಳದೋ ಮಗನದೋ ಆಗಲಿ. ಮುಂದೆಂದಾದರೂ ಆ ಮೊಬೈಲ್ ಪೂರಾ ಕೆಟ್ಟರೆ ತಿಪ್ಪೆಗೆ ಎಸೆಯದೆ, ಸುಡದೆ, ವಿದ್ಯುನ್ಮಾನ ಕಸ ಪಡೆಯುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸಬೇಕು.