ಹುಬ್ಬಳ್ಳಿ–ಬೆಂಗಳೂರು: ವಿಮಾನದ ದಾರಿ ಎಷ್ಟು ದೂರ?

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಕಿ.ಮೀ.? ಅಷ್ಟು ವೇಗವಾಗಿ ಹಾರಿದರೂ ಒಂದು ಗಂಟೆಗಿಂತ ಹೆಚ್ಚು ಹಿಡಿಯುವುದೇಕೆ?

ಉತ್ತರ: ಎರಡೂ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 370 ಕಿ.ಮೀ. ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನ ಗಂಟೆಗೆ 500 ಕಿ.ಮೀ. ವೇಗದಲ್ಲಿ ಹಾರಬಲ್ಲದು. ಭಾಗಿಸಿದರೆ ಸುಮಾರು 45 ನಿಮಿಷ. ಆದರೆ ಈ ಲೆಕ್ಕ ನಡುವಿನ ಹಾರಾಟಕ್ಕಷ್ಟೇ ಸರಿ. ಮೇಲೇರುವಾಗ, ಇಳಿಯುವಾಗ ವೇಗ ಕಡಿಮೆ. ಟಿಕೆಟ್ಟಿನ ಸಮಯದಲ್ಲಿ ನೆಲದ ಮೇಲಿನ ಓಡಾಟವೂ ಸೇರಿರುತ್ತದೆ.

ಇನ್ನೊಂದು ಕಾರಣ ಗಾಳಿ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತದೆ. ದೇವನಹಳ್ಳಿಯಲ್ಲಿರುವ ಬೆಂಗಳೂರು ನಿಲ್ದಾಣದ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಮೂಡಣ ಗಾಳಿಯಿದ್ದರೆ ಹುಬ್ಬಳ್ಳಿಯ ವಿಮಾನ ಪಡುವಣದಿಂದ ಬಂದು ಹೆಚ್ಚು ಸುತ್ತದೆ ಇಳಿಯುತ್ತದೆ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ ತಿರುಗಿ ಬರಬೇಕು. ದಟ್ಟಣೆಯಿದ್ದರೆ ಸರದಿಗೂ ಕಾಯಬೇಕು.

ಬೆಂಗಳೂರಿನಲ್ಲಿ ಮುಂದಿನ ವಿಮಾನ ಹಿಡಿಯುವುದಿದ್ದರೆ ದೂರ ನೋಡಿ ಲೆಕ್ಕ ಹಾಕಬೇಡಿ. ಟಿಕೆಟ್ಟಿನಲ್ಲಿರುವ ಸಮಯವನ್ನೇ ಹಿಡಿಯಿರಿ, ಮಳೆಗಾಲದಲ್ಲಿ ಇನ್ನಷ್ಟು ಬಿಡುವು ಇಟ್ಟುಕೊಳ್ಳಿ.