ಬ್ಲಾಗ್ ಒಂದು ಕಡೆ, ಅಂಗಡಿ ಇನ್ನೊಂದು ಕಡೆ: ಎರಡಕ್ಕೂ ಒಂದೇ ಮುಖ ಕೊಡೋದು ಹೇಗೆ?

ಹೋದ ಬೇಸಿಗೆ ರಜೆಯಲ್ಲಿ ಶಿರಸಿಯ ದೊಡ್ಡಮ್ಮನ ಮನೆಗೆ ಹೋಗಿದ್ದೆ. ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರ್ತಾರೆ. ಜೊತೆಗೆ ಕನ್ನಡದಲ್ಲಿ ಒಂದು ಬ್ಲಾಗ್ ಕೂಡ ಬರೀತಾರೆ. ಮಿಡಿ ಆರಿಸೋದು ಹೇಗೆ, ಹಪ್ಪಳ ಒಣಗಿಸುವಾಗ ಮಳೆ ಬಂದ್ರೆ ಏನು ಗತಿ, ಇಂಥದ್ದೆಲ್ಲ. ಓದುವವರು ಕೇಳ್ತಾರೆ ಅಂತ ಆನ್‌ಲೈನ್ ಅಂಗಡಿಯನ್ನೂ ಶುರು ಮಾಡಿದ್ರು. ಬ್ಲಾಗ್ ಇದ್ದದ್ದು ವರ್ಡ್‌ಪ್ರೆಸ್‌ನಲ್ಲಿ, ಅಂಗಡಿ ಇದ್ದದ್ದು ತಿಂಗಳ ಬಾಡಿಗೆಯ ಒಂದು ರೆಡಿಮೇಡ್ ಪ್ಲಾಟ್‌ಫಾರ್ಮ್‌ನಲ್ಲಿ.

ನಾನಿದ್ದಾಗಲೇ ಒಂದು ಫೋನ್ ಬಂತು. "ಅಮ್ಮಾ, ನಿಮ್ಮ ಲೇಖನ ಓದಿ 'ಕೊಳ್ಳಿ' ಅಂತ ಒತ್ತಿದೆ. ಬೇರೆ ಯಾವುದೋ ಸೈಟಿಗೆ ಹೋಯ್ತು. ಇದು ನಿಮ್ದೇನಾ? ದುಡ್ಡು ಹಾಕ್ಬಹುದಾ?" ದೊಡ್ಡಮ್ಮ "ನಮ್ದೇ, ಹಾಕಿ" ಅಂದ್ರು. ಫೋನ್ ಇಟ್ಟಮೇಲೆ ನನ್ನ ಕಡೆ ತಿರುಗಿ, "ತಮಾ, ಇವರು ಫೋನ್ ಮಾಡಿ ಕೇಳಿದ್ರು. ಕೇಳದೇ ವಾಪಸ್ ಹೋದವರು ಎಷ್ಟು ಜನವೋ?" ಅಂದ್ರು.

ಡಿಸೈನ್ ಅಂದ್ರೆ ಬರೀ ಚಂದ ಕಾಣೋದು ಅಂದ್ಕೊಂಡಿದ್ದ ನನಗೆ ಅವತ್ತು ವಿಷಯ ಅರ್ಥ ಆಯ್ತು. ಬ್ಲಾಗ್ ಓದಿ ಹುಟ್ಟಿದ ನಂಬಿಕೆ, ದುಡ್ಡು ಕೊಡೋ ಪುಟದ ತನಕ ಜೊತೆಗೇ ಬರಬೇಕು. ನಡುವೆ ಬಣ್ಣ, ಅಕ್ಷರ, ಮೆನು ಎಲ್ಲ ಬದಲಾದ್ರೆ ಜನ ಹೆದರ್ತಾರೆ. ಹೆದರೋದೂ ಸರಿನೇ, ನಕಲಿ ಸೈಟ್‌ಗಳ ಕಾಟ ಅಷ್ಟಿದೆ.

ಇರೋದು ಮೂರು ದಾರಿ

ಮೊದಲನೇದು, ಎರಡನ್ನೂ ಒಂದೇ ಸಾಫ್ಟ್‌ವೇರ್ ಒಳಗೆ ಇಡೋದು. ವರ್ಡ್‌ಪ್ರೆಸ್‌ಗೆ ವೂಕಾಮರ್ಸ್ ಅನ್ನೋ ಪ್ಲಗಿನ್ 2011ರಿಂದ ಇದೆ. ಅದನ್ನ ಹಾಕಿದ್ರೆ ಬ್ಲಾಗ್‌ನ ಥೀಮ್‌ನಲ್ಲೇ ಅಂಗಡಿಯೂ ನಡೆಯುತ್ತೆ. ಹೆಡರ್ ಒಂದೇ, ಫೂಟರ್ ಒಂದೇ. ಉಲ್ಟಾ ದಾರಿಯೂ ಇದೆ: ಶಾಪಿಫೈ ಅಂಗಡಿಯ ಒಳಗೇ ಒಂದು ಬ್ಲಾಗ್ ಸಿಗುತ್ತೆ. ಆದ್ರೆ ಅದು ವರ್ಡ್‌ಪ್ರೆಸ್‌ನಷ್ಟು ಅನುಕೂಲದ್ದಲ್ಲ.

ಎರಡನೇದು, ಎರಡು ಬೇರೆ ಸಾಫ್ಟ್‌ವೇರ್, ಅಂಗಡಿಗೆ ಒಂದು ಸಬ್‌ಡೊಮೇನ್. ಸೆಟ್ ಮಾಡೋದು ಸುಲಭ. ಆದ್ರೆ ಥೀಮ್ ಎರಡು, ಹಾಗಾಗಿ ಹೊಂದಿಸೋ ಕೆಲಸ ಪೂರ್ತಿ ನಮ್ಮ ತಲೆಮೇಲೆ.

ಮೂರನೇದು, ಮುಂದೆ ಎಂಜಿನ್‌ಎಕ್ಸ್ ಥರದ ಒಂದು ರಿವರ್ಸ್ ಪ್ರಾಕ್ಸಿ ನಿಲ್ಲಿಸಿ, ಒಂದೇ ಡೊಮೇನ್‌ನ ಕೆಳಗೆ ಎರಡನ್ನೂ ತೋರಿಸೋದು. ಇಲ್ಲಿ ತುಂಬಾ ಜನ ಎಡವ್ತಾರೆ. ಪ್ರಾಕ್ಸಿ ಒಂದು ಮಾಡೋದು ವಿಳಾಸವನ್ನ ಮಾತ್ರ, ಮುಖವನ್ನಲ್ಲ. ಥೀಮ್ ಎರಡು ಇದ್ರೆ ಎರಡಾಗೇ ಕಾಣುತ್ತೆ.

ನಿರ್ಧಾರ ಒಂದೇ ಕಡೆ ಇರಲಿ

ನಾನು ಮೊದಲು ಎರಡನೇ ದಾರಿಯನ್ನೇ ಉಳಿಸ್ಕೊಂಡು, ಬ್ಲಾಗ್‌ನ ಬಣ್ಣಗಳನ್ನ ಅಂಗಡಿಗೆ ಕಾಪಿ ಮಾಡಿದೆ. ಒಂದು ವಾರ ಚೆನ್ನಾಗಿತ್ತು. ಆಮೇಲೆ ದೊಡ್ಡಮ್ಮ "ಈ ಹಸಿರು ಬೇಡ, ಸ್ವಲ್ಪ ಕಡು ಇರಲಿ" ಅಂದ್ರು. ಬ್ಲಾಗ್‌ನಲ್ಲಿ ಬದಲಾಯಿಸಿದೆ, ಅಂಗಡಿಯಲ್ಲಿ ಎರಡು ಕಡೆ ಮರೆತೆ. ಮತ್ತೆ ಎರಡು ಮುಖ.

ಕಾಪಿ ಮಾಡಿದ್ದು ಎಂದಿಗೂ ಹಾಗೇ ಉಳಿಯಲ್ಲ. ಬಣ್ಣ, ಫಾಂಟ್, ಅಂತರ, ಬಟನ್‌ನ ಮೂಲೆ ಎಷ್ಟು ದುಂಡಗಿರಬೇಕು ಅನ್ನೋದು, ಇವನ್ನೆಲ್ಲ ಸಿಎಸ್ಎಸ್ ವೇರಿಯಬಲ್‌ಗಳಾಗಿ ಒಂದೇ ಫೈಲ್‌ನಲ್ಲಿ ಬರೆದು, ಎರಡೂ ಕಡೆ ಅದೇ ಫೈಲನ್ನ ಲೋಡ್ ಮಾಡಬೇಕು. ಪ್ರೋಗ್ರಾಮ್‌ನಲ್ಲಿ ಒಂದೇ ಸಂಖ್ಯೆಯನ್ನ ಹತ್ತು ಕಡೆ ಬರೆಯದೆ ಒಂದು ಕಾನ್‌ಸ್ಟಂಟ್ ಮಾಡ್ತೀವಲ್ಲ, ಅದೇ ಬುದ್ಧಿ. ವರ್ಡ್‌ಪ್ರೆಸ್‌ನ ಹೊಸ ಥೀಮ್‌ಗಳಲ್ಲಿ ಇದಕ್ಕಂತಲೇ 'ಥೀಮ್ ಡಾಟ್ ಜೇಸನ್' ಅನ್ನೋ ಫೈಲ್ ಇದೆ, 2021ರಿಂದ. ಇನ್ನೊಂದು ಮಾತು: ಥೀಮ್‌ನ ಮೂಲ ಫೈಲ್‌ಗಳಿಗೆ ಕೈ ಹಾಕಬೇಡಿ. ಅಪ್‌ಡೇಟ್ ಬಂದಾಗ ನೀವು ಬರೆದದ್ದೆಲ್ಲ ಅಳಿಸಿಹೋಗುತ್ತೆ. ಚೈಲ್ಡ್ ಥೀಮ್ ಮಾಡ್ಕೊಳ್ಳಿ.

ಕನ್ನಡ ಸೈಟಿನ ತೊಂದರೆಗಳೇ ಬೇರೆ

ಅಂಗಡಿಯ ಥೀಮ್‌ನಲ್ಲಿ ಪಾಪಿನ್ಸ್ ಫಾಂಟ್ ಇತ್ತು. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಆಗ ಬ್ರೌಸರ್ ಫೋನಲ್ಲೋ ಲ್ಯಾಪ್‌ಟಾಪಲ್ಲೋ ಇರೋ ಯಾವುದಾದ್ರೂ ಕನ್ನಡ ಫಾಂಟ್ ಹಾಕುತ್ತೆ. ನನ್ನ ವಿಂಡೋಸ್ ಲ್ಯಾಪ್‌ಟಾಪಲ್ಲಿ ಒಂದು ಥರ, ದೊಡ್ಡಮ್ಮನ ಫೋನಲ್ಲಿ ಇನ್ನೊಂದು ಥರ. ನೋಟೋ ಸಾನ್ಸ್ ಕನ್ನಡದಂಥ ಒಂದು ಫಾಂಟ್ ಆರಿಸಿ ಎರಡೂ ಕಡೆ ಹಾಕಿದ ಮೇಲೆ ಸರಿಹೋಯ್ತು.

ಅದಕ್ಕಿಂತ ಮಜಾ ಅಂದ್ರೆ ಒತ್ತಕ್ಷರ. ಇಂಗ್ಲಿಷ್‌ಗೆ ಅಂತ ಮಾಡಿದ ಥೀಮ್‌ಗಳಲ್ಲಿ ಹೆಡಿಂಗ್‌ನ ಲೈನ್ ಹೈಟ್ 1.1, 1.2 ಹೀಗೆ ಇರುತ್ತೆ. ನಮ್ಮ ಒತ್ತಿಗೆ ಕೆಳಗೆ ಜಾಗ ಬೇಕು. ಈ ಅಂಗಡಿಯಲ್ಲಿ ಹೆಸರಿನ ಚೌಕದಿಂದ ಹೊರಗೆ ಬಂದದ್ದನ್ನ ಕತ್ತರಿಸೋ ಸೆಟಿಂಗ್ ಬೇರೆ ಇತ್ತು. ಪರಿಣಾಮ? 'ಉಪ್ಪಿನಕಾಯಿ' ಹೋಗಿ 'ಉಪಿನಕಾಯಿ' ಆಗಿತ್ತು! ಉಪ್ಪಿನಕಾಯಿ ಮಾರೋ ಅಂಗಡಿಯಲ್ಲೇ ಕಾಗುಣಿತ ತಪ್ಪಿದ್ರೆ ಯಾರು ನಂಬ್ತಾರೆ? ಲೈನ್ ಹೈಟ್ 1.6 ಮಾಡಿದ ಮೇಲೆ ಒತ್ತು ವಾಪಸ್ ಬಂತು. ಹಾಗೇ, ಆ ಥೀಮ್ ಬಟನ್‌ನ ಅಕ್ಷರಗಳನ್ನ ಎಲ್ಲಾ ಕ್ಯಾಪಿಟಲ್ ಮಾಡಿ ಎದ್ದು ಕಾಣಿಸ್ತಿತ್ತು. ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲ, ದಪ್ಪ ಅಕ್ಷರ ಮತ್ತು ಬಣ್ಣದಿಂದಲೇ ಆ ಕೆಲಸ ಆಗಬೇಕು.

ಕಣ್ಣಿಗೆ ಕಾಣದ ಹೊಂದಾಣಿಕೆ

ಡಿಸೈನ್ ಒಂದೇ ಇದ್ದು ಮಾಹಿತಿ ಬೇರೆ ಇದ್ರೆ ಇನ್ನೂ ಕಷ್ಟ. ಲೇಖನದ ಒಳಗೆ ಬೆಲೆಯನ್ನ ಕೈಯಲ್ಲಿ ಟೈಪ್ ಮಾಡಬೇಡಿ. ಅಂಗಡಿಯಲ್ಲಿ ಬೆಲೆ ಏರಿದಾಗ ಲೇಖನದಲ್ಲಿ ಹಳೇದೇ ಉಳಿಯುತ್ತೆ. ವೂಕಾಮರ್ಸ್‌ನ ಪ್ರಾಡಕ್ಟ್ ಬ್ಲಾಕ್ ಹಾಕಿದ್ರೆ ಚಿತ್ರ, ಬೆಲೆ ಎರಡೂ ಅಂಗಡಿಯಿಂದಲೇ ಬರುತ್ತೆ.

ಕಾರ್ಟ್‌ನದ್ದೂ ಇದೇ ಕತೆ. ಸಬ್‌ಡೊಮೇನ್ ಬೇರೆ ಆದ್ರೆ ಲೋಕಲ್ ಸ್ಟೋರೇಜ್ ಹಂಚಿಕೊಳ್ಳೋಕೆ ಆಗಲ್ಲ. ಕುಕಿಯನ್ನ ಮುಖ್ಯ ಡೊಮೇನ್‌ಗೆ ಸೆಟ್ ಮಾಡಿದ್ರೆ ಮಾತ್ರ ಎರಡೂ ಕಡೆ ಸಿಗುತ್ತೆ, ಬಾಡಿಗೆ ಪ್ಲಾಟ್‌ಫಾರ್ಮ್‌ನಲ್ಲಿ ಅದು ನಮ್ಮ ಕೈಯಲ್ಲಿ ಇರದೇ ಇರಬಹುದು. ಹಾಗಿದ್ದಾಗ ಬ್ಲಾಗ್ ಮೇಲೆ ತಪ್ಪು '0' ತೋರಿಸೋ ಬದಲು ಸುಮ್ಮನೆ 'ಅಂಗಡಿ' ಅಂತ ಒಂದು ಲಿಂಕ್ ಕೊಡೋದೇ ವಾಸಿ. ಒಂದೇ ವರ್ಡ್‌ಪ್ರೆಸ್‌ನಲ್ಲಿ ಇದ್ರೂ ಕಾರ್ಟ್, ಚೆಕೌಟ್, ಅಕೌಂಟ್ ಪುಟಗಳನ್ನ ಕ್ಯಾಶ್‌ನಿಂದ ಹೊರಗಿಡಬೇಕು.

ಹಾಗಂತ ಎಲ್ಲಾ ಪುಟವೂ ಒಂದೇ ಥರ ಇರಬೇಕು ಅಂತಲ್ಲ. ಓದೋ ಪುಟಕ್ಕೆ ಕಿರಿದಾದ ಒಂದೇ ಕಾಲಂ ಹಿತ, ಅಂಗಡಿಗೆ ಸಾಲುಸಾಲು ಚೌಕ ಬೇಕು. ಚೆಕೌಟ್‌ನಲ್ಲಿ ಮೆನು ಕಡಿಮೆ ಇದ್ದಷ್ಟೂ ಒಳ್ಳೇದು. ಆದ್ರೆ 'ಕೊಳ್ಳಿ' ಬಟನ್‌ಗೆ ಒಂದು ಬಣ್ಣ ಅಂತ ಇಟ್ಟ ಮೇಲೆ, ಅದನ್ನ ಬೇರೆ ಎಲ್ಲೂ ಅಲಂಕಾರಕ್ಕೆ ಬಳಸಬೇಡಿ.

ಕೊನೆಗೆ ನಾವು ಮೊದಲನೇ ದಾರಿಗೆ ಬಂದು ಅಂಗಡಿಯನ್ನ ವರ್ಡ್‌ಪ್ರೆಸ್ ಒಳಗೇ ತಂದ್ವಿ. ಇದು ಪುಕ್ಕಟೆ ಸುಖ ಅಲ್ಲ. ಅಪ್‌ಡೇಟ್, ಬ್ಯಾಕಪ್, ಸೆಕ್ಯುರಿಟಿ ಎಲ್ಲ ಈಗ ನನ್ನ ಜವಾಬ್ದಾರಿ, ಅದೂ ಇಂಟರ್ನಲ್ಸ್ ನಡುವೆ. ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂದ್ರೆ ಎರಡನೇ ದಾರಿಯನ್ನೇ ಶಿಸ್ತಾಗಿ ಮಾಡೋದು ಜಾಣತನ.

ನಿಮ್ಮ ಕ್ಲಬ್ಬಿನ ಸೈಟ್, ಫೆಸ್ಟ್ ಟೀ ಶರ್ಟ್ ಮಾರೋ ಪುಟ ಎರಡನ್ನೂ ಒಮ್ಮೆ ಫೋನಲ್ಲಿ ತೆಗೆದು, ಏನೂ ಗೊತ್ತಿಲ್ಲದ ಒಬ್ಬ ಜೂನಿಯರ್ ಕೈಗೆ ಕೊಡಿ. "ಇಲ್ಲಿ ದುಡ್ಡು ಹಾಕ್ತೀಯಾ?" ಅಂತ ಕೇಳಿ. ಅವನು ಒಂದು ಕ್ಷಣ ಯೋಚನೆ ಮಾಡಿದ್ರೂ ಸಾಕು, ಎಲ್ಲಿ ಕೆಲಸ ಬಾಕಿ ಇದೆ ಅಂತ ನಿಮಗೇ ಗೊತ್ತಾಗುತ್ತೆ.