ಮಲ್ಲನ ಮೈ, ವೀರಬಾಹುವಿನ ಮಾತು

ಹಾಲಿವುಡ್ಡಿನಲ್ಲಿ ಹಂಫ್ರಿ ಬೊಗಾರ್ಟ್, ರಾಬರ್ಟ್ ಮಿಚಮ್ ಮೊದಲಾದ ಕಠೋರಮುಖದ ನಟರು ರಜತಪರದೆಯನ್ನು ಆಳುತ್ತಿದ್ದ ಕಾಲದಲ್ಲಿ, ಮೈಸೂರಿನ ಗರಡಿಯ ಮಣ್ಣಿನಲ್ಲಿ ಮೈ ಹುರಿಗೊಳಿಸಿಕೊಂಡು ಬೆಳೆದು, ಅನಂತರ ಕನ್ನಡ ಚಿತ್ರರಂಗಕ್ಕೆ ಬಂದು ಬಲಾಢ್ಯ ಪಾತ್ರಗಳೆಂದರೆ ಇವರೇ ಎಂದು ಜನ ಗುರುತಿಸುವಂತೆ ಬಾಳಿದವರು ಎಂ. ಪಿ. ಶಂಕರ್. 1935ರಲ್ಲಿ ಹುಟ್ಟಿದ ಈ ಪೈಲವಾನರು ಹುಣಸೂರು ಕೃಷ್ಣಮೂರ್ತಿಯವರ ‘ರತ್ನಮಂಜರಿ’ಯ ಮೂಲಕ 1962ರಲ್ಲಿ ತೆರೆಗೆ ಬಂದರು. ಮುಷ್ಟಿಯುದ್ಧದ ಅಂಕಣದಿಂದ ಚಿತ್ರರಂಗಕ್ಕೆ ಬಂದು ‘ದಿ ಇನ್ಫಾರ್ಮರ್’ ಚಿತ್ರದಿಂದ ಶ್ರೇಷ್ಠ ನಟನೆಂಬ ಆಸ್ಕರ್ ಪಡೆದ ವಿಕ್ಟರ್ ಮೆಕ್ಲಾಗ್ಲೆನ್ ಇಂತಹುದೇ ದಾರಿಯಲ್ಲಿ ನಡೆದವನು. ದೇಹಬಲದ ಹಿಂದೆ ಅಭಿನಯವೂ ಇರಬಲ್ಲುದೆಂಬುದನ್ನು ಲೋಕ ಇಬ್ಬರಲ್ಲಿಯೂ ತಡವಾಗಿ ಕಂಡುಕೊಂಡಿತು.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು 1956ರ ನವೆಂಬರ್ 1ರಂದು ಕನ್ನಡನಾಡಿನೊಡನೆ ಒಂದಾದ ನಮ್ಮ ಬೀದರ ಜಿಲ್ಲೆಯಲ್ಲಿ, ಉರ್ದು ಮತ್ತು ಮರಾಠಿಗಳ ನಡುವೆ ಕನ್ನಡ ತನ್ನ ಸ್ಥಾನವನ್ನು ಅರಸುತ್ತಿದ್ದ ಆ ವರ್ಷಗಳಲ್ಲಿ, ತಾಲೀಮಿನ ಉಸ್ತಾದರನ್ನು ಗೌರವಿಸುವ ಹುಮನಾಬಾದಿನಂತಹ ಊರುಗಳ ಜನರಿಗೆ ಈ ಮಲ್ಲನಟ ಅಪರಿಚಿತನೆನಿಸುವ ಕಾರಣವೇ ಇರಲಿಲ್ಲ. ಆದರೆ ಬಸವಕಲ್ಯಾಣದ ನೆಲಕ್ಕೆ ಅವರು ಹತ್ತಿರದವರಾಗುವುದು ತೋಳ್ಬಲದಿಂದಲ್ಲ, ಒಂದು ಪಾತ್ರದಿಂದ.

1965ರ ‘ಸತ್ಯಹರಿಶ್ಚಂದ್ರ’ದಲ್ಲಿ ಅವರು ಸ್ಮಶಾನದ ಒಡೆಯನಾದ ವೀರಬಾಹು. ರಾಜ್‌ಕುಮಾರರ ಹರಿಶ್ಚಂದ್ರ, ಉದಯಕುಮಾರರ ವಿಶ್ವಾಮಿತ್ರ, ಪಂಢರಿಬಾಯಿಯವರ ಚಂದ್ರಮತಿ ಇಂತಹ ಘನವಾದ ಅಭಿನಯಗಳ ನಡುವೆ, ಸಮಾಜವು ದೂರವಿಟ್ಟ ಒಬ್ಬ ಮನುಷ್ಯನು ಚಕ್ರವರ್ತಿಯನ್ನೇ ಕೊಂಡು ಆಳಾಗಿಸಿಕೊಳ್ಳುವ ಆ ಸನ್ನಿವೇಶವನ್ನು ಹಾಸ್ಯಕ್ಕೂ ಕ್ರೌರ್ಯಕ್ಕೂ ಜಾರಗೊಡದೆ, ಒಡೆತನದ ಗತ್ತನ್ನೂ ಅಂತಃಕರಣವನ್ನೂ ಒಂದೇ ದೇಹದಲ್ಲಿ ತೋರಿದ್ದು ಶಂಕರರ ಸಾಧನೆ. ಕುಲದಲ್ಲಿ ಮೇಲುಕೀಳೆಂಬುದೆಲ್ಲಿ ಎಂದು ಪ್ರಶ್ನಿಸುವ ಹಾಡನ್ನು ಘಂಟಸಾಲರ ಕಂಠದಲ್ಲಿ ಅವರು ಅಭಿನಯಿಸಿದಾಗ, ಆ ವಿಶಾಲವಾದ ಎದೆಯಿಂದಲೇ ಮಾತು ಹೊರಟಂತಿದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂಬ ಕಾರಣಕ್ಕಾಗಿ ಬಿಜ್ಜಳನ ಕಲ್ಯಾಣದಲ್ಲಿ, ಎಂದರೆ ಇದೇ ಬಸವಕಲ್ಯಾಣದಲ್ಲಿ, ಆ ತಂದೆಯರು ಪ್ರಾಣವನ್ನೇ ತೆತ್ತ ಕಥೆಯನ್ನು ಎಳವೆಯಿಂದ ಕೇಳುತ್ತ ಬೆಳೆದ ನಾವು, ಈ ಹಾಡನ್ನು ಬರಿಯ ಮನೋರಂಜನೆಯೆಂದು ಹೇಗೆ ಕೇಳಬಲ್ಲೆವು? ಕನ್ನಡ ಚಿತ್ರರಂಗದಲ್ಲಿ ಶರಣರ ಆಶಯಕ್ಕೆ ಇಷ್ಟು ಸಮೀಪವಾದ ಪಾತ್ರಗಳು ವಿರಳವೆಂದೇ ನನ್ನ ನಂಬಿಕೆ.

ಮುಂದೆ ಅವರು ನಿರ್ಮಾಪಕರೂ ಆದರು. ಕಾಡು ಮತ್ತು ವನ್ಯಮೃಗಗಳ ಮೇಲಣ ಪ್ರೀತಿ ಅವರನ್ನು ‘ಗಂಧದ ಗುಡಿ’ಯವರೆಗೆ ಒಯ್ದಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮರುವರ್ಷ, 1973ರಲ್ಲಿ, ಪ್ರಾಮಾಣಿಕ ಅರಣ್ಯಾಧಿಕಾರಿಯೊಬ್ಬನನ್ನು ನಾಯಕನನ್ನಾಗಿ ನಿಲ್ಲಿಸಿದ ಆ ಚಿತ್ರ ಕಾಡನ್ನು ಕಾಯುವ ಮಾತನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು.

2008ರ ಜುಲೈ 17ರಂದು ಶಂಕರ್ ತೀರಿಕೊಂಡರು. ಬಸವಜಯಂತಿಯ ದಿನಗಳಲ್ಲಿ ಮೆರವಣಿಗೆ, ಭಾಷಣಗಳನ್ನು ಏರ್ಪಡಿಸುವ ಬಸವಕಲ್ಯಾಣ ಮತ್ತು ಹುಮನಾಬಾದಿನ ಸಂಘಸಂಸ್ಥೆಗಳಲ್ಲಿ ನನ್ನದೊಂದು ವಿನಂತಿ: ಈ ವರ್ಷ ಒಂದು ಸಂಜೆಯನ್ನು ‘ಸತ್ಯಹರಿಶ್ಚಂದ್ರ’ಕ್ಕೆ ಮೀಸಲಿಡಿರಿ, ಶಾಲೆಯ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ.